ಬೀಗ ಹಾಕಿದ ನಲ್ಲಿ

ದೊಡ್ಡಮ್ಮ ಬಿಂದಿಗೆ ಹಿಡಿದು ಬಾಗಿಲಿಗೆ ಬಂದ ದಿನ ಟೈಲರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಬೀದಿಯ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿತ್ತು. ದೊಡ್ಡ ರಸ್ತೆಯಿಂದ ಬೇರೆ ಪೈಪು ಎಳೆಸಿಕೊಂಡಿದ್ದ ಇವಳ ಮನೆಯೊಂದರಲ್ಲೇ ಒಳ್ಳೆಯ ನೀರು. ಅಕ್ಕಪಕ್ಕದವರೆಲ್ಲ ತುಂಬಿಸಿಕೊಂಡು ಹೋದರು, ಯಾರಿಗೂ ಇಲ್ಲವೆನ್ನಲಿಲ್ಲ. ದೊಡ್ಡಮ್ಮನ ಸರದಿ ಬಂದಾಗ ಮಾತ್ರ ನಲ್ಲಿ ನಿಲ್ಲಿಸಿದಳು.

ನಿಲ್ಲಿಸದೆ ಇನ್ನೇನು ಮಾಡಿಯಾಳು? ಇವಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಪ್ಪ, ದೊಡ್ಡಪ್ಪ ಮನೆ ಪಾಲು ಮಾಡಿಕೊಂಡಾಗ ಇದ್ದೊಂದು ನಲ್ಲಿ ಆ ಕಡೆಗೆ ಹೋಯಿತು. ದೊಡ್ಡಮ್ಮ ಅದಕ್ಕೆ ಬೀಗ ಜಡಿದಳು. ಇವರಿಗೆ ಬಚ್ಚಲ ಪಕ್ಕದ ಬಾವಿಯೇ ಗತಿ. ಆ ನೀರು ಕುಡಿದೂ ಕುಡಿದೂ ಹೊಟ್ಟೆ ಕೆಟ್ಟು, ಜ್ವರ ಹಿಡಿದು, ಹುಡುಗಿ ಶಾಲೆಯಲ್ಲಿ ಕೂತದ್ದಕ್ಕಿಂತ ಚಾಪೆಯ ಮೇಲೆ ಮಲಗಿದ್ದೇ ಹೆಚ್ಚು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಏಳನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದಳು. ಅಲ್ಲಿಗೆ ಓದು ಮುಗಿಯಿತು. "ಅದರ ತಲೇಲಿ ಬರೀ ಮಣ್ಣು" ಎಂದು ದೊಡ್ಡಮ್ಮ ಬೀದಿಗೆಲ್ಲ ಡಂಗುರ ಸಾರಿದಳು. ಹಾಳಾದವಳು, ಬಾವಿ ನೀರಿನ ಸುದ್ದಿ ಮಾತ್ರ ಎತ್ತಲಿಲ್ಲ.

"ಏನೇ, ನನ್ನ ಬಿಂದಿಗೆಗೆ ನೀರಿಲ್ವಾ?"

"ನೀರಿದೆ ದೊಡ್ಡಮ್ಮ. ನಿಮಗಿಲ್ಲ."

"ನನಗೆ ಬೇಡ ಕಣೇ. ಮೊಮ್ಮಗಳು ವಾಂತಿ ಮಾಡ್ಕೊಂಡು ಮಲಗಿದ್ದಾಳೆ. ಶಾಲೆ ತಪ್ತಾ ಇದೆ, ಪರೀಕ್ಷೆ ಹತ್ರ ಬಂತು."

ಇದೇ ಮಾತು ಹೇಳಿ ಅಮ್ಮ ಅಂದು ಆ ಬೀಗದ ಮುಂದೆ ನಿಂತು ಅಂಗಲಾಚಿದ್ದಳು. ಟೈಲರಮ್ಮನ ಮೈಯೆಲ್ಲ ಉರಿಯಿತು.

"ತಪ್ಪಿದ್ರೆ ತಪ್ಲಿ ಬಿಡಿ. ಅದರ ತಲೇಲೂ ಮಣ್ಣೇ ಇರಬೇಕು."

ದೊಡ್ಡಮ್ಮನ ಕಣ್ಣಲ್ಲಿ ನೀರಾಡಿತು. "ತಪ್ಪಾಯ್ತು ಕಣೇ. ನಿನ್ನ ಓದು ಕೆಡಿಸಿದವಳು ನಾನೇ" ಎಂದಳು, ಬೀದಿಯವರೆಲ್ಲ ಕೇಳುವ ಹಾಗೆ. ಈ ಮಾತು ಕಿವಿಗೆ ಬಿದ್ದರೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಟೈಲರಮ್ಮ ಇಷ್ಟು ವರ್ಷ ಕಾದಿದ್ದಳು. ತಣ್ಣಗಾಗುವುದೆಲ್ಲಿ ಬಂತು!

ಸರಸರನೆ ಪಕ್ಕದಲ್ಲಿದ್ದ ದೊಡ್ಡಮ್ಮನ ಮನೆಗೆ ನುಗ್ಗಿ, ಮಗುವನ್ನು ಸೊಂಟಕ್ಕೇರಿಸಿ, ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

"ಇವಳು ಇನ್ಮೇಲೆ ನನ್ನ ಮನೇಲೇ ಇರ್ತಾಳೆ. ಇಲ್ಲೇ ಕುಡೀತಾಳೆ, ಇಲ್ಲೇ ಓದ್ಕೋತಾಳೆ."

"ಅಯ್ಯೋ, ಇವಳನ್ನ ಬಿಟ್ಟು ನನಗೆ ತುತ್ತು ಇಳಿಯಲ್ವೇ! ನಾನೂ ಬಂದು ಹೋಗ್ತಿರ್ತೀನಿ."

"ನೀವು ಈ ಹೊಸ್ತಿಲು ತುಳೀಕೂಡದು. ಬೇಡ ಅಂದ್ರೆ ಈಗ್ಲೇ ಹೇಳಿ, ಮಗೂನ ಕೆಳಗಿಳಿಸ್ತೀನಿ."

ದೊಡ್ಡಮ್ಮ ಮೊಮ್ಮಗಳ ಒಣಗಿದ ತುಟಿ ನೋಡಿದಳು. ಹಿಂದೆ ಸರಿದಳು.

ಟೈಲರಮ್ಮ ಬಾಗಿಲು ಹಾಕಿ, ಲೋಟ ತುಂಬಿಸಿ ಮಗುವಿನ ಬಾಯಿಗೆ ಹಿಡಿದಳು.

"ಅಜ್ಜಿ ಬರಲ್ವಾ ಅತ್ತೆ?"

"ಇಲ್ಲ ಪುಟ್ಟಿ. ನೀನು ಕುಡಿ."