ಹುಲಿಗೆವ್ವನಿಗೆ ಬಂದ ಎರಡು ಸೀಟು

ಡ್ರಾಯಿಂಗ್ ಮಾಸ್ತರ ಬಸಂತರಾಯರು ತೀರಿಕೊಂಡು ಮೂರು ತಿಂಗಳು ಕಳೆದರೂ ಅವರ ಹೆಂಡತಿ ಇಂದುಬಾಯಿ ಅತ್ತಿರಲಿಲ್ಲ. ಸಿಂದಗಿಯ ಆ ಓಣಿಯಲ್ಲಿ ಇದೊಂದು ದೊಡ್ಡ ಮಾತಾಗಿತ್ತು. ಮಣ್ಣಿಗೆ ಬಂದ ಹೆಂಗಸರು ಬೆನ್ನು ಸವರಿ, "ಅತ್ತಬಿಡವಾ, ಎದಿ ಹಗರಾಗತೈತಿ" ಎಂದು ಎಷ್ಟು ಹೇಳಿದರೂ ಅವಳು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಕಲ್ಲೆದೆಯವಳು ಎಂದರು ಕೆಲವರು. ಮಕ್ಕಳಿಲ್ಲದಿದ್ದರೂ ಗಂಡ ಒಂದು ದಿನವೂ ಎದುರಾಡಿದವನಲ್ಲ, ಅಂಥವನಿಗೂ ಎರಡು ಹನಿ ಇಲ್ಲವೇ ಎಂದರು. ಇಂದುಬಾಯಿ ಅದನ್ನೂ ಕೇಳಿಸಿಕೊಂಡಳು. ಬೆಳಿಗ್ಗೆ ಎದ್ದು ಕಸ ಹೊಡೆಯುತ್ತಿದ್ದಳು, ನೀರು ತರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಮೈಯೆಲ್ಲ ಜೋಮು ಹಿಡಿದಿತ್ತು. ಚಿವುಟಿಕೊಂಡರೆ ಬೇರೆ ಯಾರದೋ ಚರ್ಮ ಚಿವುಟಿದಂತಿತ್ತು.

ಎಪ್ಪತ್ನಾಲ್ಕನೆಯ ಇಸವಿಯ ಜೂನ್ ತಿಂಗಳು. ಒಂದು ಮುಂಜಾನೆ ಹುಲಿಗೆವ್ವ ಅಪ್ಪನನ್ನು ಕರೆದುಕೊಂಡು ಮನೆಗೆ ಬಂದಳು. ಹದಿನೇಳರ ಹುಡುಗಿ, ಮಾಸ್ತರರ ಅಚ್ಚುಮೆಚ್ಚಿನ ಶಿಷ್ಯೆ. ಅಪ್ಪ ರಾವಸಾಬ ತಾಲೂಕು ಕಚೇರಿಯಲ್ಲಿ ಜವಾನ. ಊರ ಹೊರಗಿನ ಕೇರಿಯವರು. ಹುಡುಗಿಯನ್ನು ಬಸಂತರಾಯರು ಮೊದಲ ದಿನವೇ ಅಡಿಗೆಮನೆಯ ತನಕ ಕರೆದು ತಂದಿದ್ದರು. ರಾವಸಾಬ ಮಾತ್ರ ಇಷ್ಟು ವರ್ಷವಾದರೂ ಹೊಸ್ತಿಲ ಆಚೆಯೇ ನಿಲ್ಲುವವನು. ಅವತ್ತೂ ಅಲ್ಲೇ ನಿಂತು, ಟೋಪಿ ಕೈಯಲ್ಲಿ ಹಿಡಿದು ಹೇಳಿದ:

"ಬಾಯಾರ, ಮಾಸ್ತರು ಹ್ವಾದ ಚಳಿಗಾಲದಾಗ ಇಕಿ ಚಿತ್ರ ಎರಡು ಆರ್ಟ್ ಕಾಲೇಜಿಗೆ ಕಳಿಸಿದ್ರಲ್ರಿ, ಈಗ ಎರಡೂ ಕಡೆ ಸೀಟು ಬಂದೈತ್ರಿ. ಬರೋಡಾಕ್ಕೂ ಬಂದೈತಿ, ಹೈದರಾಬಾದಕ್ಕೂ ಬಂದೈತಿ. ಎರಡೂ ಡಿಗ್ರಿನ ಅಂತ್ರಿ. ಯಾವದಕ ಹೋಗಬೇಕು ನಮಗ ತಿಳಿವಲ್ದು. ಮಾಸ್ತರು ಇದ್ದಿದ್ರ ಅವರ ಹೇಳತಿದ್ರು. ಈಗ ನೀವ ಹೇಳ್ರಿ."

"ನನಗೇನ ತಿಳಿತೈತಿ ರಾವಸಾಬ," ಎಂದಳು ಇಂದುಬಾಯಿ. "ನಾ ಒಂದು ನೆಟ್ಟಗಿನ ರಂಗೋಲಿ ಹಾಕಾಕಿ ಅಲ್ಲ."

"ಆದ್ರೂ ನೀವ ಹೇಳ್ರಿ." ಮಾಸ್ತರರ ಮನೆಯಿಂದ ಬಂದ ಮಾತು ಬೇಕು, ಯಾವುದಾದರೂ ಸರಿ ಎನ್ನುವಂತೆ ರಾವಸಾಬ ನಿಂತಿದ್ದ.

ಹುಡುಗಿಯ ಕಣ್ಣು ಬಾತಿದ್ದವು. ಮೂರು ತಿಂಗಳ ಹಿಂದೆ ದೇವರ ಹಿಪ್ಪರಗಿಯ ಸಂತೆಗೆ ದನದ ಚಿತ್ರ ಬರೆಸಲು ಹುಡುಗರನ್ನು ಕರೆದೊಯ್ದ ಬಸಂತರಾಯರು ಅಲ್ಲೇ ಬೇವಿನ ಗಿಡದ ಬುಡದಲ್ಲಿ ಕೂತವರು ಮತ್ತೆ ಎದ್ದಿರಲಿಲ್ಲ. ಮೊದಲು ನೋಡಿದವಳು ಹುಲಿಗೆವ್ವನೇ. ಆಮೇಲೆ ತಿಂಗಳುಗಟ್ಟಲೆ ಅತ್ತವಳೂ ಅವಳೇ. ತನ್ನ ಪಾಲಿನದನ್ನೂ ಈ ಹುಡುಗಿಯೇ ಅತ್ತಳೇನೋ ಎಂದು ಇಂದುಬಾಯಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಅದರಿಂದ ಸಿಟ್ಟೂ ಬರಲಿಲ್ಲ, ಅಕ್ಕರೆಯೂ ಬರಲಿಲ್ಲ.

"ಮುದ್ದೇಬಿಹಾಳದಾಗ ಮಡಿವಾಳಪ್ಪ ಮಾಸ್ತರು ಅದಾರ," ಎಂದಳು ಕೊನೆಗೆ. "ಇವರ ಗೆಳೆಯಾರು. ಅವರಿಗೆ ಎಲ್ಲಾ ಗೊತ್ತಿರತೈತಿ. ನಾಳೆ ಕರ್ಕೊಂಡ ಹೋಗಿ ಕೇಳ್ಕೊಂಡ ಬರ್ತೇನಿ."

ಹೇಳಿದ ಮೇಲೆ ಯಾಕೆ ಹೇಳಿದೆ ಎಂದು ಅವಳಿಗೇ ತಿಳಿಯಲಿಲ್ಲ. ಗಂಡ ಸತ್ತ ಮೇಲೆ ಅವಳು ಬಾವಿಯ ತನಕ ಬಿಟ್ಟರೆ ಎಲ್ಲೂ ಹೋಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು. ಬಸ್ಸು ದೇವರ ಹಿಪ್ಪರಗಿಯ ಸಂತೆ ಬಯಲಿನ ಪಕ್ಕದಲ್ಲೇ ಹಾದಿತು. ಸಂತೆಯ ದಿನ ಅಲ್ಲ, ಬಯಲು ಖಾಲಿ ಇತ್ತು. ಬೇವಿನ ಗಿಡದ ಕೆಳಗೆ ಎರಡು ಆಡು ಮಲಗಿದ್ದವು. ಹುಲಿಗೆವ್ವ ಸೆರಗು ಮುಖಕ್ಕೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು. ಇಂದುಬಾಯಿ ಮಾತ್ರ ಗಿಡವನ್ನು ನೋಡಿದಳು. ಎಲ್ಲ ಬೇವಿನ ಗಿಡಗಳಂಥದೇ ಒಂದು ಗಿಡ. ಏನಾದರೂ ಆಗುತ್ತದೆಂದು ಕಾದಳು. ಬಸ್ಸು ಮುಂದೆ ಹೋಯಿತು, ಅಷ್ಟೇ.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟುವಾಗ ಬಿಸಿಲು ಏರಿತ್ತು. ಮಡಿವಾಳಪ್ಪ ಮಾಸ್ತರು ಬಾಗಿಲಿಗೇ ಬಂದು, "ಬರ್ರಿ ವೈನಿ, ಬರ್ರಿ" ಎಂದು ಕೈ ಹಿಡಿದು ಕರೆದಷ್ಟು ಅಕ್ಕರೆಯಿಂದ ಕರೆದರು. ಗೆಳೆಯನನ್ನು ನೆನೆದು ಕಣ್ಣು ಒರೆಸಿಕೊಂಡರು. ಹುಡುಗಿ ತಂದಿದ್ದ ಚಿತ್ರಗಳನ್ನು ನೆಲದ ಮೇಲೆ ಹರವಿಸಿ, ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡಿದರು.

"ಬರೋಡಾ," ಎಂದರು ಆಮೇಲೆ. "ಇದರಾಗ ಎರಡನೇ ಮಾತ ಇಲ್ಲ. ನಾನೂ ಬಸಂತನೂ ಹುಡುಗರಿದ್ದಾಗ ಹೋಗಬೇಕಂತ ಕನಸ ಕಂಡ ಜಾಗಾ ಅದು. ನಮ್ಮ ನಸೀಬಿನ್ಯಾಗ ಇರಲಿಲ್ಲ. ಅಲ್ಲಿ ಕಲತ್ರ ನೀ ಕಲಾವಿದಿ ಆಗ್ತಿ ತಂಗಿ. ಹೈದರಾಬಾದದಾಗ ನಿನಗ ಸಿಕ್ಕಿದ್ದು ಕಮರ್ಷಿಯಲ್ ಆರ್ಟ್. ಸಾಬಾನಿನ ಜಾಹೀರಾತು ಬರಿಯೂದು, ಬೋರ್ಡ ಬರಿಯೂದು. ಅದಕ ಡಿಗ್ರಿ ಯಾಕ ಬೇಕು? ಬಸಂತ ಇದ್ದಿದ್ರ ಇದನ್ನ ಹೇಳತಿದ್ದ. ಹೌದಲ್ರಿ ವೈನಿ?"

"ಹೌದ್ರಿ," ಎಂದಳು ಇಂದುಬಾಯಿ. ಅದು ನಿಜವೇ ಆಗಿತ್ತು. ಊಟಕ್ಕೆ ಕೂತಾಗಲೆಲ್ಲ ಬಸಂತರಾಯರು ಬರೋಡಾ ಬರೋಡಾ ಎನ್ನುತ್ತಿದ್ದರು.

ಹುಲಿಗೆವ್ವ ತಲೆ ತಗ್ಗಿಸಿ ಕೂತಿದ್ದಳು.

ಅಷ್ಟರಲ್ಲಿ ಮಡಿವಾಳಪ್ಪನವರ ತಾಯಿ ಹೊನ್ನವ್ವ ಚಹಾ ತಂದರು. ಮಗನಿಗೆ ಮತ್ತು ಇಂದುಬಾಯಿಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಬಸಿ. ಹುಡುಗಿಯ ಮುಂದೆ, ಸ್ವಲ್ಪ ದೂರದಲ್ಲಿ, ಒಂದು ನೆಗ್ಗಿದ ಅಲ್ಯುಮಿನಿಯಂ ಲೋಟ ಇಟ್ಟರು. ಕೆಲಸದವರಿಗೆ ಅಂತ ಹಿತ್ತಲಲ್ಲಿ ಬೇರೆ ಇಟ್ಟಿರುವಂಥ ಲೋಟ. ಮಡಿವಾಳಪ್ಪನವರು ಅದನ್ನು ಕಂಡರು. ಕಂಡೂ ಬಣ್ಣದ ಮಾತು, ಬರೋಡಾದ ಮಾತು ಮುಂದುವರಿಸಿದರು. ಹುಡುಗಿ ಲೋಟಕ್ಕೆ ಕೈ ಚಾಚಿದಳು. ಅವಳಿಗೆ ಇದು ಹೊಸದಲ್ಲ.

ಇಂದುಬಾಯಿ ಬಗ್ಗಿ ಆ ಲೋಟ ತೆಗೆದುಕೊಂಡಳು, ತನ್ನ ಕಪ್ಪು-ಬಸಿಯನ್ನು ಹುಡುಗಿಯ ಮುಂದಕ್ಕೆ ಸರಿಸಿದಳು, ಲೋಟದ ಚಹಾ ಕುಡಿದಳು. ಇದನ್ನು ಮಾಡುವಾಗ ಅವಳಿಗೆ ಸಿಟ್ಟಿರಲಿಲ್ಲ, ಧೈರ್ಯವೂ ಬೇಕಾಗಲಿಲ್ಲ. ಮೊದಲಾಗಿದ್ದರೆ ಹತ್ತು ಸಲ ಯೋಚಿಸುತ್ತಿದ್ದಳು. ಗಂಡನ ಗೆಳೆಯ, ಹಿರಿಯ ಹೆಂಗಸು, ನಾಳೆ ಏನಂದಾರು ಎಂದು. ಈಗ ಆ ಅಂಜಿಕೆಯೂ ಜೋಮು ಹಿಡಿದು ಕೂತಿತ್ತು. ಹೊನ್ನವ್ವನ ಮುಖ ಕಪ್ಪಿಟ್ಟಿತು. ಮಡಿವಾಳಪ್ಪನವರ ಮಾತು ನಡುವೆಯೇ ನಿಂತಿತು. ಹುಲಿಗೆವ್ವ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿದಳೋ ಇಲ್ಲವೋ ಇಂದುಬಾಯಿ ನೋಡಲಿಲ್ಲ.

"ಬರ್ತೇವ್ರಿ," ಎಂದು ಎದ್ದಳು. ಊಟಕ್ಕೆ ನಿಲ್ಲಿರೆಂದು ಯಾರೂ ಒತ್ತಾಯ ಮಾಡಲಿಲ್ಲ.

ವಾಪಸು ಬರುವಾಗ ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗಾಗಿ ಕಾಯಬೇಕಾಯಿತು. ಬಸ್ಸು ಕೆಟ್ಟಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದ ಕಂಟ್ರೋಲರ್. ಇಬ್ಬರೂ ಕಟ್ಟೆಯ ಮೇಲೆ ಕೂತು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದರು. ಹುಡುಗಿ ತಿನ್ನುತ್ತ ತಿನ್ನುತ್ತ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಬೆರಳು ಮೊಣಕಾಲ ಮೇಲೆ ಏನನ್ನೋ ಗೀರುತ್ತಿತ್ತು.

"ಏನ ನೋಡಾಕತ್ತಿ?"

"ಏನಿಲ್ರಿ." ಆಮೇಲೆ ತಡೆಯಲಾರದೆ, "ಆ ಬೋರ್ಡ ನೋಡ್ರಿ ಬಾಯಾರ. ಮುದ್ದೇಬಿಹಾಳ ಅಂತ ಬರದಾರಲ್ರಿ. 'ಮು' ಎಷ್ಟ ದೊಡ್ಡದು ಬರದಾರು, ಕಡೀಕ ಜಾಗಾ ಸಾಲಿಲ್ಲ, 'ಳ' ಮೂಲ್ಯಾಗ ತುರುಕ್ಯಾರು. 'ಳ' ಅಂದ್ರ ಹೊಟ್ಟಿ ತುಂಬ ಇರಬೇಕ್ರಿ, ಎಮ್ಮಿ ಮಲಕ್ಕೊಂಡಂಗ. ಅದನ್ನ ಹಿಚಕಿ ಇಟ್ಟಾರು. ನೋಡಿದ್ರ ನನಗ ಉಸರ ಕಟ್ಟಿದಂಗಾಗತೈತಿ."

ಇಂದುಬಾಯಿ ಬೋರ್ಡು ನೋಡಿದಳು. ಇಷ್ಟು ವರ್ಷ ಓದಿದ್ದಳೇ ಹೊರತು ನೋಡಿರಲಿಲ್ಲ. ಹೌದು, ಕೊನೆಯ ಅಕ್ಷರ ಮೂಲೆಯಲ್ಲಿ ಮುದುರಿಕೊಂಡಿತ್ತು.

"ಇದನ್ನ ಎಲ್ಲಿ ಕಲಸ್ತಾರ?"

"ಅಕ್ಷರ ಬರಿಯೂದ್ರಿ? ಹೈದರಾಬಾದದಾಗ."

"ಬರೋಡಾದಾಗ?"

"ಅಲ್ಲಿ ನನಗ ಸಿಕ್ಕಿದ್ದು ಪೇಂಟಿಂಗ್ ರಿ."

"ಮತ್ತ?"

ಹುಡುಗಿ ಮತ್ತೆ ಬೋರ್ಡಿನ ಕಡೆ ನೋಡಿದಳು. ರೊಟ್ಟಿಯ ಚೂರು ಕೈಯಲ್ಲೇ ಉಳಿಯಿತು. ಇಂದುಬಾಯಿ ಒಂದೊಂದೇ ಕೇಳುತ್ತ ಹೋದಳು. ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ, ಸಂತೆಯಲ್ಲಿ ಕಾಯಿಪಲ್ಲೆಯ ದರ ಕೇಳಿದಂತಿತ್ತು. ಹೈದರಾಬಾದಿನಲ್ಲಿ ಎಲ್ಲಿ ಇರುತ್ತಿ? ಅತ್ತಿ ಅದಾಳ್ರಿ, ಮನಿ ಕಟ್ಟೂ ಗೌಂಡಿ ಕೆಲಸದಾಕಿ, ಇಲ್ಲಂದ್ರ ಹಾಸ್ಟೆಲ್ ಐತಿ. ಭಾಷೆ? ಉರ್ದು ಬರತೈತ್ರಿ, ಕೇರ್ಯಾಗ ಮುಸಲ್ಮಾನರ ಮಕ್ಕಳ ಕೂಡ ಆಡಿ ಬೆಳದಾಕಿ. ಬರೋಡಾದಲ್ಲಿ ಯಾರಿದ್ದಾರೆ? ಯಾರೂ ಇಲ್ರಿ. ಒಬ್ಬಳೇ ಇರಲು ಅಂಜಿಕೆಯೇ? ಅಂಜಿಕಿ ಅಲ್ರಿ. ಹೋಗು ಅಂದರೆ ಹೋಗುತ್ತೀಯಾ? ಹೋಗ್ತೇನ್ರಿ. ಹೋಗಿ ಚಿತ್ರ ಬರೆದರೆ ಬರುತ್ತದೆಯೇ? ಬರತೈತ್ರಿ, ಬರದಾಂಗೇನಿಲ್ಲ.

"ಮುಂಜಾನೆ ಎದ್ದ ಕೂಡ್ಲೆ ಏನ ಬರೀಬೇಕನಸ್ತೈತಿ ನಿನಗ?"

ಹುಲಿಗೆವ್ವ ಅವಳನ್ನೇ ನೋಡಿದಳು. ಅಲ್ಲಿಯ ತನಕ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ.

"ಅಕ್ಷರ ರಿ," ಎಂದಳು. ಅಂದದ್ದೇ ಅಳು ಒತ್ತರಿಸಿ ಬಂತು. "ಆದ್ರ ಮಾಸ್ತರು ಬರೋಡಾ ಅಂತಿದ್ರಲ್ರಿ. ನಾ ಹೈದರಾಬಾದಕ್ಕ ಹ್ವಾದ್ರ ಅವರಿಗೆ ಮೋಸಾ ಮಾಡಿದಂಗಾಗತೈತಿ. ನಿಮ್ಮ ಮುಂದ ಏನಾರ ಹೇಳಿದ್ರೇನ್ರಿ? ಎಲ್ಲಿಗಾರ ಹೋಗಲಿ ಅಂತ, ಒಂದಿನಾನರ?"

ಹೂಂ ಅಂದರೆ ಮುಗಿಯುತ್ತಿತ್ತು. ಸತ್ತವರ ಬಾಯಿಗೆ ಯಾವ ಮಾತು ಇಟ್ಟರೂ ಅವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ಇಂದುಬಾಯಿ ಒಂದು ಗಳಿಗೆ ಅದನ್ನೇ ಯೋಚಿಸಿದಳು. ಆದರೆ ಸುಳ್ಳು ಹೇಳಬೇಕಾದರೂ ಒಳಗೆ ಒಂದಿಷ್ಟು ಬಿಸಿ ಬೇಕು, ಅದು ಅವಳಲ್ಲಿ ಇರಲಿಲ್ಲ.

"ಇಲ್ಲ," ಎಂದಳು. "ಹಂಗ ಹೇಳಿಲ್ಲ. ಬರೋಡಾನ ಅಂತಿದ್ರು. ದಿನಾ ಅಂತಿದ್ರು. ಅದು ಅವರ ಆಸೆ. ಅವರಿಗೆ ಹೋಗಾಕ ಆಗಲಿಲ್ಲ, ಅದಕ ನೀ ಹೋಗಬೇಕು ಅನಸ್ತಿತ್ತು. ಈಗ ಅವರು ಇಲ್ಲ ಹುಲಿಗಿ. ನೀ ಎಲ್ಲಿಗೆ ಹ್ವಾದ್ರೂ ಅವರಿಗೆ ಖುಷಿನೂ ಆಗೂದಿಲ್ಲ, ಬ್ಯಾಸರಾನೂ ಆಗೂದಿಲ್ಲ. ಅವರು ಸತ್ತಾರ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಉಳಿದವರೆಲ್ಲ ಹೋದರು, ತೀರಿದರು, ಲಿಂಗೈಕ್ಯರಾದರು ಎನ್ನುತ್ತಿದ್ದರು. ಹುಡುಗಿ ಅಳು ನಿಲ್ಲಿಸಿ ಬೆಪ್ಪಾಗಿ ನೋಡುತ್ತಿದ್ದಳು.

"ಐದ ವರ್ಷ ಅಲ್ಲಿ ಕೂಡಾಕಿ ನೀನು," ಎಂದಳು ಇಂದುಬಾಯಿ. "ನಿನಗ ಬೇಕಾಗಿದ್ದಕ ಹೋಗು. ನಿಮ್ಮಪ್ಪಗ ನಾ ಹೇಳ್ತೇನಿ."

ಬಸ್ಸು ಬಂತು. ಇಬ್ಬರೂ ಹತ್ತಿದರು.

ರಾವಸಾಬನಿಗೆ ಹೇಳುವುದು ಕಷ್ಟವಾಗಲಿಲ್ಲ. ಹೈದರಾಬಾದು ಎಂದದ್ದಕ್ಕೆ ಅವನ ಮುಖ ಬಿಚ್ಚಿಕೊಂಡಿತು, ಅಲ್ಲಿ ತಂಗಿ ಇದ್ದಾಳಲ್ಲ. "ಮಾಸ್ತರ ಇಚ್ಛಾನೂ ಇದ ಇತ್ತೇನ್ರಿ?" ಎಂದು ಕೇಳಿದ. "ಅಲ್ಲ," ಎಂದಳು. "ಇಕಿ ಇಚ್ಛಾ." ರಾವಸಾಬ ಮಗಳನ್ನು ನೋಡಿದ. ಅವಳಿಗೂ ಒಂದು ಇಚ್ಛೆ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲವೇನೋ. "ಹಂಗಾದ್ರ ಹಂಗ ಆಗಲಿ ಬಾಯಾರ," ಎಂದ.

ಸುದ್ದಿ ಮುದ್ದೇಬಿಹಾಳಕ್ಕೂ ಮುಟ್ಟಿತು. ಬಸಂತನ ಆಸೆಗೆ ಅವನ ಹೆಂಡತಿಯೇ ಮಣ್ಣು ಹಾಕಿದಳು ಎಂದು ಮಡಿವಾಳಪ್ಪನವರು ಯಾರ ಮುಂದೆಯೋ ಅಂದರಂತೆ. ಓಣಿಯ ಹೆಂಗಸರು ಅದನ್ನು ತಂದು ಅವಳಿಗೆ ಮುಟ್ಟಿಸಿದರು. ಅವಳು ಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಜುಲೈನಲ್ಲಿ ಹುಡುಗಿ ಹೊರಟಳು. ಇಂಡಿ ರೋಡ್ ಸ್ಟೇಷನ್ನಿನಿಂದ ಸಣ್ಣ ಹಳಿಯ ಗಾಡಿಯಲ್ಲಿ ಹೊಟಗಿ, ಅಲ್ಲಿಂದ ಹೈದರಾಬಾದಿಗೆ ದೊಡ್ಡ ಹಳಿಯ ಗಾಡಿ. ಜೊತೆಗೆ ರಾವಸಾಬ. ಇಂದುಬಾಯಿ ಕಳಿಸಲು ಹೋಗಬೇಕೆಂದೇನೂ ಇರಲಿಲ್ಲ, ಆದರೂ ಇಂಡಿಯ ತನಕ ಬಸ್ಸಿನಲ್ಲಿ ಅವರ ಜೊತೆ ಹೋದಳು, ಅಲ್ಲಿಂದ ಟಾಂಗಾದಲ್ಲಿ ಸ್ಟೇಷನ್ನಿಗೆ. ಬಸಂತರಾಯರ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಹುಡುಗಿ ಬೇಡವೆಂದಳು. "ಮನ್ಯಾಗ ಇಲಿ ಕಡಿತಾವು, ತಗೋ," ಎಂದಳು ಇಂದುಬಾಯಿ.

ಗಾಡಿ ಬಂತು. ಹುಲಿಗೆವ್ವ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳು ಏಳಲಿಲ್ಲ, ಪಾದದ ಮೇಲೆ ಹಣೆ ಇಟ್ಟುಕೊಂಡೇ ಇದ್ದಳು. ರಾವಸಾಬ, "ಏಳ ಏಳ, ಗಾಡಿ ಹೋಗತೈತಿ" ಎಂದು ಎಬ್ಬಿಸಿದ. ಹತ್ತಿ ಕಿಟಕಿಯಲ್ಲಿ ಕೂತ ಮೇಲೆ ಹುಡುಗಿ, "ಬಾಯಾರ, ನಾ ಮಾಡಿದ್ದು ಖರೆ ಆತೇನ್ರಿ?" ಎಂದು ಕೂಗಿ ಕೇಳಿದಳು.

"ನನಗ ಗೊತ್ತಿಲ್ಲವಾ," ಎಂದಳು ಇಂದುಬಾಯಿ. "ಹೋಗಿ ನೋಡು. ದೀಪಾವಳಿಗೆ ಬಂದಾಗ ಹೇಳು."

ಹೊಗೆ ತಗ್ಗಿ ಗಾಡಿ ಕಾಣದಾದ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಅವಳೊಬ್ಬಳೇ ಉಳಿದಳು. ಪಾದದ ಮೇಲೆ ಹುಡುಗಿ ಹಣೆ ಇಟ್ಟು ಅತ್ತ ಜಾಗ ಇನ್ನೂ ಹಸಿಯಾಗಿತ್ತು, ಗಾಳಿಗೆ ತಣ್ಣಗೆ ಹತ್ತುತ್ತಿತ್ತು. ತಣ್ಣಗಿರುವುದು ತನ್ನದೇ ಕಾಲು ಎಂದು ಅವಳಿಗೆ ತಿಳಿಯಿತು. ಈಗ ಅಳು ಬರಬಹುದು ಎಂದುಕೊಂಡು ಕಲ್ಲಿನ ಬೆಂಚಿನ ಮೇಲೆ ಕೂತಳು. ಬರಲಿಲ್ಲ. ಟಾಂಗಾದವನು ಬಂದು, "ಏಳ್ರಿ ಬಾಯಿ, ಸಿಂದಗಿ ಬಸ್ಸ ತಪ್ಪಸ್ತೀರಿ" ಎಂದ. ಅವಳು ಎದ್ದು, ಸೆರಗು ಜಾಡಿಸಿ, ಅವನ ಹಿಂದೆ ನಡೆದಳು.