ಜರಡಿ ಕಚ್ಚಿಕೊಂಡ ಸೊಸೆ

"ತಗೊಂಡು ಹೋಗಿ" ಅಂದುಬಿಟ್ಟಿದ್ದಳು ಜಿಪಾರ್. ಚಹಾದ ಬಟ್ಟಲನ್ನು ಅತಿಥಿಯ ಮುಂದೆ ಸರಿಸಿದಷ್ಟೇ ಸಲೀಸಾಗಿ.

ಫೋನಿನ ಆ ಬದಿಯಲ್ಲಿ ಗಂಡನ ಅಕ್ಕ ನುರ್ಜಮಾಲ್ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಪಟ್ಟಣದಲ್ಲಿ ಒಳ್ಳೆಯ ಮನೆ, ಒಳ್ಳೆಯ ಗಂಡ, ಎಲ್ಲ ಇದ್ದೂ ಮಡಿಲು ತುಂಬದ ಹೆಂಗಸು ಅವಳು. ತಮ್ಮನ ಕೂಸನ್ನು ತಾನು ಸಾಕಲೇ ಎಂದು ತಡವರಿಸುತ್ತಾ ಕೇಳಿದ್ದಳು. ಮಕ್ಕಳಿಲ್ಲದ ಬಂಧುಗಳ ಮಡಿಲಿಗೆ ಕೂಸನ್ನು ಹಾಕುವುದು ಆ ಬೆಟ್ಟದ ಸೀಮೆಯಲ್ಲಿ ಹೊಸದೇನಲ್ಲ. ಆದರೆ ಕೊಡುವವಳು ಅಳುತ್ತಾಳೆ, ಜಗಳ ಆಡುತ್ತಾಳೆ, ಕೊಟ್ಟ ಮೇಲೂ ಬಾಗಿಲವರೆಗೆ ಓಡುತ್ತಾಳೆ. ಜಿಪಾರ್ ಫೋನನ್ನು ಕಿಟಕಿಯ ಮೇಲಿಟ್ಟು ಒಲೆಗೆ ಒಣಗಿದ ಸಗಣಿ ತುಂಬಲು ಹೋದಳು.

ತಾನು ಆಡಿದ ಮಾತಿಗೆ ತನಗೇ ದಿಗಿಲಾಗಬೇಕಿತ್ತು. ಆಗಲಿಲ್ಲ. ಆಗಲಿಲ್ಲವಲ್ಲ ಎಂಬ ದಿಗಿಲು ಮಾತ್ರ ಎಲ್ಲೋ ಬಲು ದೂರದಲ್ಲಿ, ಯಾರದೋ ಮನೆಯ ಬಾಗಿಲನ್ನು ಯಾರೋ ಬಡಿದಂತೆ ಕೇಳಿಸಿತು.

ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ಜಿಪಾರ್ 'ಅಪಾ' ಎಂದೇ ಕರೆಯುವ ಅತ್ತೆ ಸೈರಾ ಹಿಟ್ಟು ನಾದುತ್ತಿದ್ದವಳು ಹಾಗೇ ನಿಂತುಬಿಟ್ಟಿದ್ದಳು.

"ಕೋಕುಯ್!" ಹಿಟ್ಟಿನ ಕೈಯಲ್ಲೇ ತೊಡೆಗೆ ಹೊಡೆದುಕೊಂಡಳು. "ಏನಂದೆ ನೀನು? ಯಾರಿಗೆ ಯಾರನ್ನ ಕೊಟ್ಟೆ?"

"ನುರ್ಜಮಾಲ್ ಎಜೆಗೆ. ಮಧ್ಯಾಹ್ನ ಬರ್ತಾರಂತೆ, ಅಪಾ. ಮಾಂಸ ಬೇಯಕ್ಕೆ ಇಡ್ಲಾ?"

ನುರ್ಜಮಾಲ್ ಸೈರಾಳ ಸ್ವಂತ ಮಗಳು. ಮಗಳ ಮನೆಯಲ್ಲಿ ಕೂಸಿನ ಸದ್ದು ಕೇಳುವ ಆಸೆ ಅವಳಿಗೂ ಇಲ್ಲವೆಂದಲ್ಲ. ಆದರೆ ಅಳದೆ ಕೊಟ್ಟವಳು ಆಮೇಲೆ ಏನಾಗುತ್ತಾಳೆ? ಸೈರಾ ತಲೆಗೆ ರುಮಾಲು ಸುತ್ತಿಕೊಂಡವಳೇ, ಹೊಳೆಯ ಮೇಲ್ದಂಡೆಯಲ್ಲಿರುವ, ಮೈಯುಜ್ಜಿ ವಾಸಿಮಾಡುವ ಉರ್ಕಿಯಾಳ ಮನೆಯ ಕಡೆ ಓಡಿದಳು.

ಕಳೆದ ಚಳಿಗಾಲದಲ್ಲಿ ಜಿಪಾರ್‌ಳ ಗಂಡ ಎರ್ಮೆಕ್ ಕುರಿಗಳನ್ನು ಕೆಳಕ್ಕೆ ಹೊಡೆದು ತರುತ್ತಿದ್ದ. ಬಸುರಿ ಹೆಂಡತಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಬಿಳಿ ಬೆಟ್ಟ ಒಂದು ಸಲ ಭುಜ ಕೊಡವಿತು, ಹಿಮ ಜಾರಿ ಬಿತ್ತು, ಅಷ್ಟೇ. ಕುದುರೆ ಇಲ್ಲ, ಸವಾರನಿಲ್ಲ. ವಿಧವೆಯಾದವಳು ಗೋಡೆಗೆ ಮುಖಮಾಡಿ ಕೂತು ಗಂಡನ ಗುಣಗಳನ್ನು ಹಾಡಿ ಹಾಡಿ ಅಳಬೇಕು. ಅವಳು ಕೂತಳು, ಬಾಯಿ ಮಾತ್ರ ತೆರೆಯಲಿಲ್ಲ. ಬಂದವರು ಪಿಸುಗುಟ್ಟಿದರು. ಭಯಕ್ಕೆ ಎದೆ ಜಾರಿ ಕೆಳಗೆ ಬಿದ್ದಿದೆ ಎಂದು ಯಾರೋ ಒಬ್ಬ ಮಂತ್ರ ಹಾಕುವವಳನ್ನು ಕರೆಸಿದರು. ಅವಳು ಬಾಯ್ತುಂಬ ತಣ್ಣೀರು ತುಂಬಿಕೊಂಡು ಹಿಂದಿನಿಂದ ಬಂದು ಮುಖಕ್ಕೆ ಫೂತ್ಕರಿಸಿದಳು. ಬೆಚ್ಚಿದ ಎದೆ ಇನ್ನೊಮ್ಮೆ ಬೆಚ್ಚಿದರೆ ಸ್ವಸ್ಥಾನಕ್ಕೆ ಬರುತ್ತದಂತೆ. ಜಿಪಾರ್ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಎರ್ಮೆಕ್ ಹೋದ ದಿನದಿಂದ ಪಾದಗಳೂ ಅವಳವಾಗಿ ಉಳಿಯಲಿಲ್ಲ. ವಸಂತದಲ್ಲಿ ಮಗ ಹುಟ್ಟಿದ. ಹುಟ್ಟಿದ್ದು ಯಾರಿಗೆ ಎಂಬಂತೆ ಅವಳು ನೋಡಿದ್ದಳು.

ಉರ್ಕಿಯಾ ಬಂದಳು. ಗಿಡ್ಡ ಮುದುಕಿ; ಉಣ್ಣೆಯ ಕಂಬಳಿಗಳನ್ನು ಉರುಳಿಸಿ ಉರುಳಿಸಿ ಮುಂಗೈಗಳು ಬಾಗಿಲ ಚೌಕಟ್ಟಿನಷ್ಟು ಗಟ್ಟಿಯಾಗಿದ್ದವು. ಒಳಗೆ ಬಂದವಳೇ ಸೊಸೆಯನ್ನು ನೋಡಲಿಲ್ಲ, ತೊಟ್ಟಿಲನ್ನು ನೋಡಿದಳು.

"ಹಾಲು ಕುಡಿಸ್ತಾಳಾ?"

"ಯಾಕೆ ಕುಡಿಸಲ್ಲ! ತೊಟ್ಟಿಲ ಮೇಲೆ ಬಗ್ಗಿ ತಪ್ಪದೆ ಕುಡಿಸ್ತಾಳೆ" ಅಂದಳು ಸೈರಾ.

"ಪಟ್ಟಿ ಬಿಚ್ಚಿ ಎತ್ತೋದು, ಮೈಯುಜ್ಜೋದು?"

"ನಾನೇ. ಅವಳಿಗೆ ದಣಿವಾಗಬಾರದು ಅಂತ."

ಉರ್ಕಿಯಾ ತಿರುಗಿ ಅವಳನ್ನೇ ನೋಡಿದಳು. ಸೈರಾಳ ಮುಖ ಮೆಲ್ಲಗೆ ಬಿಳಿಚಿತು. ಪಟ್ಟಿಯಲ್ಲಿ ಬಿಗಿದ ಕೂಸಿಗೆ ಬಗ್ಗಿಯೇ ಹಾಲು ಕೊಡಬಹುದಾದ ತೊಟ್ಟಿಲು. ಎತ್ತುವ ಕೆಲಸಕ್ಕೆ ಅಜ್ಜಿ. ಮೊಲೆ ಬಾಯಿಗಿಟ್ಟದ್ದು ಬಿಟ್ಟರೆ, ಇಷ್ಟು ದಿನದಲ್ಲಿ ತಾಯಿಯ ಮೈಗೆ ಕೂಸಿನ ಮೈ ಒಮ್ಮೆಯೂ ತಾಗಿಲ್ಲವೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಪ್ರೀತಿ ಮಾಡಿ ಮಾಡಿ ಕೊಂದೆ ಕಣೇ" ಅಂದಳು ಉರ್ಕಿಯಾ. "ಹೋಗು, ಕುರಿಬಾಲದ ಕೊಬ್ಬು ಬಿಸಿ ಮಾಡ್ಕೊಂಡು ಬಾ. ಹಿಟ್ಟಿನ ಜರಡಿ ಕೂಡ."

"ಜರಡಿ ಯಾಕೆ? ನಿನ್ನೆ ತಾನೇ ತೊಳೆದಿಟ್ಟಿದೀನಿ."

"ಹಾಗಾದ್ರೆ ಒಳ್ಳೇದೇ ಆಯ್ತು. ಬಾಯಿಗೆ ಇಡೋದು ಅದನ್ನ."

ಜಿಪಾರ್‌ಳನ್ನು ಕಂಬಳಿಯ ಮೇಲೆ ಕೂರಿಸಿ, ಉರ್ಕಿಯಾ ಅವಳ ಬೆನ್ನಿಗೆ ಬೆನ್ನು ಆನಿಸಿ ಕೂತಳು. ಏನೂ ಕೇಳಲಿಲ್ಲ. ಸುಮ್ಮನೆ ಗುಂಯ್‌ಗುಡತೊಡಗಿದಳು, ಹಾಡೂ ಅಲ್ಲ, ಮಂತ್ರವೂ ಅಲ್ಲ, ಕರು ನೆಕ್ಕುವ ಹಸುವಿನ ದನಿಯಂತೆ. ಆ ದನಿ ಕಿವಿಗೆ ಬರಲಿಲ್ಲ, ಬೆನ್ನುಹುರಿಯ ಗಂಟುಗಂಟಿನೊಳಗೆ ಇಳಿಯಿತು. ಜಿಪಾರ್‌ಗೆ ತನಗೊಂದು ಬೆನ್ನು ಇದೆಯೆಂದು ನೆನಪಾಯಿತು. ಬೆನ್ನು ಮಾತ್ರ. ಉಳಿದದ್ದೆಲ್ಲ ಕತ್ತಲ ಕೋಣೆ.

ಆಮೇಲೆ ಮುದುಕಿ ಎದುರು ಬಂದು ಬಿಸಿ ಕೊಬ್ಬನ್ನು ಅಂಗೈಗೆ ಹಚ್ಚಿಕೊಂಡು ಪಾದದಿಂದ ಶುರುಮಾಡಿದಳು.

"ಇಲ್ಲಿ ಗೊತ್ತಾಗುತ್ತಾ, ಮಗಳೇ?"

"ಇಲ್ಲ."

"ಗೊತ್ತಾಗ್ಲೇಬೇಕು ಅಂತೇನಿಲ್ಲ. ಇಲ್ಲಿ?"

"ಯಾರೋ ಪಕ್ಕದಲ್ಲಿ ಕೂತವರನ್ನ ಮುಟ್ಟಿದ ಹಾಗಿದೆ, ಅಪಾ."

"ಆಗ್ಲಿ. ಆ ಪಕ್ಕದವಳಿಗೂ ಒಂದು ಕಾಲಿದೆ ಅಂತ ಆಯ್ತಲ್ಲ."

ಮೊಣಕಾಲು, ಮೊಣಕೈ. ಮುಚ್ಚಿದ್ದ ಬಲಗೈಯ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸಿದಳು ಉರ್ಕಿಯಾ. ಬಿಡಿಸಿದವಳ ಕೈ ಅಲ್ಲೇ ನಿಂತಿತು.

ಅಂಗೈ ತುಂಬ ಬೊಕ್ಕೆ ಎದ್ದಿತ್ತು. ನಡುವೆ ಚರ್ಮ ಸುಲಿದು ಹಸಿಮಾಂಸ ಕಾಣುತ್ತಿತ್ತು. ಬೆಳಿಗ್ಗೆ ಕೆಂಪಗೆ ಕಾದಿದ್ದ ಒಲೆಯ ಮುಚ್ಚಳವನ್ನು ಬಟ್ಟೆಯಿಲ್ಲದೆ ಹಿಡಿದು ಪಕ್ಕಕ್ಕಿಟ್ಟಿದ್ದಳು ಜಿಪಾರ್. ಅದೇ ಕೈಯಲ್ಲಿ ಚಹಾ ಬಗ್ಗಿಸಿದ್ದಳು, ಅದೇ ಕೈಯಲ್ಲಿ ಫೋನು ಹಿಡಿದು ಮಗನನ್ನು ಕೊಟ್ಟಿದ್ದಳು.

ಸೈರಾಳ ಕೈಯಲ್ಲಿದ್ದ ಜರಡಿ ನೆಲಕ್ಕೆ ಬಿದ್ದು ಉರುಳಿತು. ಜಿಪಾರ್ ತನ್ನ ಕೈಯನ್ನು ತಾನೇ ನೋಡಿದಳು. ಇದು ಯಾರ ಕೈ? ಇಷ್ಟು ಬೆಂದ ಕೈಯ ಒಡತಿ ಯಾಕೆ ಕಿರುಚಲಿಲ್ಲ? ಆ ದೂರದ ಬಾಗಿಲ ಬಡಿತ ಈಗ ಪಕ್ಕದ ಮನೆಯಷ್ಟು ಹತ್ತಿರ ಬಂತು.

ಹೊರಗೆ ಕಾರು ನಿಂತಿತು.

"ಸೈರಾ, ನಿನ್ನ ಮಗಳನ್ನ ಹೊರಗೇ ಮಾತಾಡಿಸ್ತಾ ಇರು, ಚಹಾ ಕೊಡು" ಅಂದಳು ಉರ್ಕಿಯಾ, ದನಿ ಏರಿಸದೆ. ಜರಡಿಯನ್ನೆತ್ತಿ ಅದರ ಮರದ ಅಂಚನ್ನು ಜಿಪಾರ್‌ಳ ತುಟಿಗೆ ತಂದಳು. "ಕಚ್ಚು ಇದನ್ನ. ಬಿಗಿಯಾಗಿ ಬೇಡ. ರೊಟ್ಟಿ ಕಚ್ಚಿದಷ್ಟು."

ಜಿಪಾರ್ ಕಚ್ಚಿದಳು. ಉರ್ಕಿಯಾ ಜರಡಿಯ ಇನ್ನೊಂದು ಅಂಚನ್ನು ಬೆರಳ ತುದಿಯಿಂದ ತಟ್ಟತೊಡಗಿದಳು, ನಿದ್ದೆ ಹೋದ ಮಗುವಿನ ಬೆನ್ನು ತಟ್ಟಿದಂತೆ. ಹಲ್ಲು ನಡುಗಿತು. ನಡುಕ ದವಡೆಗೆ ಹೋಯಿತು, ದವಡೆಯಿಂದ ನೆತ್ತಿಗೆ, ನೆತ್ತಿಯಿಂದ ಗಂಟಲಿಗೆ. ಚಳಿಗಾಲದಿಂದ ಬೀಗ ಹಾಕಿದ್ದ ದವಡೆ ಸಡಿಲವಾಗಿ ಜರಡಿ ಬಾಯಿಂದ ಜಾರಿತು. ದೊಡ್ಡದೊಂದು ಆಕಳಿಕೆ ಬಂತು. ಆಮೇಲೆ ತೊಡೆಗಳು ತಾವಾಗಿಯೇ ಗಡಗಡ ನಡುಗಲು ಶುರುವಾದವು.

ಚಹಾ ಹಿಡಿದು ಬಂದ ಸೈರಾ ಕಿರುಚಿದಳು. "ಹಿಡ್ಕೋ ಅವಳನ್ನ! ಸಾಯ್ತಾಳೆ!"

"ಮುಟ್ಟಬೇಡ! ಹೊಳೆಯಿಂದ ಎದ್ದ ಕುದುರೆ ಮೈ ಕೊಡವಲ್ವಾ? ಕೊಡವಿಕೊಳ್ಳಲಿ."

ನುರ್ಜಮಾಲ್ ಹೊಸ್ತಿಲಲ್ಲೇ ಗರಬಡಿದವಳಂತೆ ನಿಂತಳು. ಒಳ್ಳೆಯ ಕೋಟು, ಕೈಯಲ್ಲಿ ಹೊಸ ನೀಲಿ ಹೊದಿಕೆ. "ಇದೇನು ಇದು? ಹುಚ್ಚಾ? ಅದಕ್ಕೇ ನಾನು ಹೇಳೋದು, ಮಗು ಇಲ್ಲಿರೋದು ಬೇಡ ಅಂತ." ತಾಯಿಯ ಉತ್ತರಕ್ಕೂ ಕಾಯದೆ ನಡೆದು ಬಂದು ತೊಟ್ಟಿಲನ್ನು ಎರಡೂ ಕೈಯಿಂದ ಎತ್ತಿದಳು. ಕೂಸು ಎಚ್ಚರಾಗಿ ಚೀರಿತು.

ಆಗ ಬೆಂದ ಅಂಗೈ ಉರಿಯಿತು. ಬೆಳಿಗ್ಗೆಯ ಉರಿಯೆಲ್ಲ ಒಟ್ಟಿಗೆ ಬಂತು. ಬೆಂಕಿ ಮೊಣಕೈಗೆ, ಅಲ್ಲಿಂದ ಎದೆಗೆ ಏರಿತು. ಎದೆಯ ಬಟ್ಟೆ ಹಾಲಿಗೆ ತೊಯ್ದುಹೋಯಿತು.

"ಇಡಿ ಕೆಳಗೆ!"

ಗಾಜು ನಡುಗುವಂಥ ಕೂಗು. ಗಂಡನ ಅಕ್ಕನ ಎದುರು ತಲೆಯೆತ್ತದ ಸೊಸೆ ಹಾಗೆ ಕೂಗಿದ್ದು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಜಿಪಾರ್‌ಳೇ. ತನ್ನ ದನಿ ಇಷ್ಟು ದಪ್ಪ ಇತ್ತಾ? ನುರ್ಜಮಾಲ್‌ಳ ಕೈಯಿಂದ ತೊಟ್ಟಿಲು ತಾನಾಗಿಯೇ ನೆಲಕ್ಕಿಳಿಯಿತು. ಜಿಪಾರ್ ತೆವಳಿಕೊಂಡು ಬಂದು ಪಟ್ಟಿಯ ಗಂಟನ್ನು ಹಲ್ಲಲ್ಲಿ ಎಳೆದು ಬಿಚ್ಚಿದಳು. ಕೂಸನ್ನೆತ್ತಿ ಅಂಗಿಯೊಳಗೆ, ಬರಿಮೈಗೆ ಒತ್ತಿಕೊಂಡಳು.

"ಅಪಾ, ಬಿಸಿ ಇದಾನೆ ಇವನು!" ಅಂದಳು, ಕಣ್ಣರಳಿಸಿ, ಯಾರೋ ಮೋಸಮಾಡಿ ಈ ಸಂಗತಿಯನ್ನು ಮುಚ್ಚಿಟ್ಟಿದ್ದರು ಎಂಬಂತೆ. "ಎಷ್ಟು ಭಾರ ಇದಾನೆ! ಯಾಕೆ ಯಾರೂ ಹೇಳ್ಲಿಲ್ಲ ನಂಗೆ?"

ಅದರ ಬೆನ್ನಿಗೇ ಅಳು ಬಂತು. ಅದರಲ್ಲಿ ಪದವಿರಲಿಲ್ಲ, ಗಂಡನ ಗುಣಗಾನವಿರಲಿಲ್ಲ. ಎರ್ಮೆಕ್ ಎಂಬ ಹೆಸರು ಮಾತ್ರ ಮತ್ತೆ ಮತ್ತೆ ಒಡೆದು ಒಡೆದು ಬರುತ್ತಿತ್ತು. ಸೈರಾ ಚಹಾದ ಬಟ್ಟಲು ಹಿಡಿದುಕೊಂಡೇ ಮಗನಿಗಾಗಿ ಬಿಕ್ಕಿದಳು. ಉರ್ಕಿಯಾ ಗೋಡೆಗೊರಗಿ ತನ್ನ ಮೊಣಕಾಲು ತಾನೇ ಒತ್ತಿಕೊಳ್ಳುತ್ತಿದ್ದಳು.

ನುರ್ಜಮಾಲ್ ನೀಲಿ ಹೊದಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಮುಖ ಸೋತಿತ್ತು. "ಸರಿ. ಹೊರಡ್ತೀನಿ. ಗಾಡಿಯವನು ಕಾಯ್ತಾ ಇದಾನೆ."

"ಹೋಗಬೇಡಿ, ಎಜೆ." ಜಿಪಾರ್ ಸುಡುವ ಕೈಯಿಂದಲೇ ಅವಳ ಕೋಟಿನ ಅಂಚು ಹಿಡಿದಳು. "ನಂಗೆ ಭಯ ಆಗ್ತಿದೆ. ನಾಳೆ ಎದ್ದಾಗ ಮತ್ತೆ ಎಲ್ಲಾ ಮರಗಟ್ಟಿದ್ರೆ? ಕೊಟ್ಟೆ ಅಂತ ಮತ್ತೆ ಅಂದುಬಿಟ್ರೆ? ಹಾಗಂದ್ರೆ ತಗೊಳ್ಳಬೇಡಿ. ಇವನನ್ನ ಎತ್ತಿ ನನ್ನ ಮೈಮೇಲೆ ಹಾಕಿ."

ನುರ್ಜಮಾಲ್ ಹೊದಿಕೆಯನ್ನು ಇನ್ನಷ್ಟು ಒತ್ತಿ ಹಿಡಿದಳು. "ಚೆನ್ನಾಗಿದೆ! ಮಗು ಕೇಳಕ್ಕೆ ಬಂದವಳಿಗೆ ಮಗು ಕಾಯೋ ಕೆಲಸ ಹೇಳ್ತೀಯಾ? ನಿನಗೆ ಎಷ್ಟು ಧೈರ್ಯ?"

"ಹೇಳೋ ಹಕ್ಕಿಲ್ಲ ನಂಗೆ. ಆದ್ರೂ ಹೇಳ್ತಿದೀನಿ."

ಕೂಸು ಮೊಲೆ ಹುಡುಕಿಕೊಂಡು ಗುಟುಗುಟು ಕುಡಿಯತೊಡಗಿತು. ನುರ್ಜಮಾಲ್ ಆ ಸದ್ದನ್ನು ಕೇಳಲಾರದೆ ಮುಖ ತಿರುಗಿಸಿದಳು, ಮತ್ತೆ ಕೇಳದೆ ಇರಲಾರದೆ ಇತ್ತ ತಿರುಗಿದಳು. ಕೊನೆಗೆ ಬಾಗಿಲಾಚೆ ತಲೆ ಹಾಕಿ, "ನೀನು ಹೋಗಪ್ಪ, ನಾನು ನಾಲ್ಕು ದಿನ ಬಿಟ್ಟು ಬರ್ತೀನಿ" ಎಂದು ಗಾಡಿಯವನಿಗೆ ಕೂಗಿದಳು.

ಕೋಟು ಕಳಚುತ್ತಾ ತಾಯಿಯ ಕಡೆ ಗದರಿದಳು: "ಅಳ್ತಾ ಏನು ನಿಂತಿದ್ದೀಯಮ್ಮ? ಆ ಕೈಗೆ ಕಟ್ಟೋಕೆ ಒಂದು ಬಟ್ಟೆ ಕೊಡ್ತೀಯೋ ಇಲ್ವೋ?"