ನಾಲ್ಕು ತಂತಿಯ ಗಿಟಾರು

ತಂತಿ ಏಳುತ್ತದೆ, ಕಂಬ ಬರುವ ಹೊತ್ತಿಗೆ ಮೇಲಕ್ಕೆ ಹೋಗಿ ಸರಕ್ಕನೆ ಮರೆಯಾಗುತ್ತದೆ, ಕಂಬ ದಾಟಿದ ಮೇಲೆ ಜೋಲುಬಿದ್ದು ಇಳಿಯುತ್ತದೆ, ಮತ್ತೆ ಏಳುತ್ತದೆ, ಒಂದರ ಕೆಳಗೊಂದು ನಾಲ್ಕು ತಂತಿ, ಮೇಲಿನದು ದಪ್ಪ — ಇಲ್ಲ, ಎಲ್ಲವೂ ಒಂದೇ ದಪ್ಪ ಇರಬೇಕು, ಕರೆಂಟಿನ ತಂತಿಗೆ ಮಂದ್ರ ಏನು ತಾರ ಏನು, ಆದರೆ ಕಸ್ತೂರಿರಂಗನಿಗೆ ನಾಲ್ಕು ತಂತಿ ಎಲ್ಲಿ ಕಂಡರೂ ಮೇಲಿನದು ದಪ್ಪವಾಗಿಯೇ ಕಾಣುತ್ತದೆ, ಬಟ್ಟೆ ಒಣಹಾಕುವ ಹಗ್ಗವಾದರೂ ಅಷ್ಟೆ. ಮಂಡ್ಯ ಬಿಟ್ಟ ಬಸ್ಸು ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿ ತೆವಳುತ್ತಿದೆ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಇನ್ನೂ ಬೆನ್ನು ಬಿಟ್ಟಿಲ್ಲ, ತೊಡೆಯ ಮೇಲೆ ಮಡಿಸಿದ ಜಮಖಾನ, ವಾಪಸು ಬರುವಾಗ ಗಿಟಾರನ್ನು ಇದರಲ್ಲೇ ಸುತ್ತಿ ತರಬೇಕು, ಕಂಡಕ್ಟರು ಜಮಖಾನ ನೋಡಿ ಆಸ್ಪತ್ರೆಗಾ ಸಾರ್, ಯಾರಿಗೆ ಹುಷಾರಿಲ್ಲ ಅಂತ ಕೇಳಿದ, ನನಗೇ ಅನ್ನಬೇಕೆನಿಸಿತು, ಬೆಳಕವಾಡಿಗೆ ಹೋಗಬೇಕು, ಮಳವಳ್ಳಿಯವರೆಗೆ ಕೊಡಪ್ಪ ಅಂದ. ಕಚೇರಿಯಲ್ಲಿ ಗುಮಾಸ್ತೆ, ಗುತ್ತಲು ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆ, ನಲವತ್ತು ತುಂಬಿತು, ಹೆಣ್ಣು ನೋಡು ಅಂತ ಹೇಳುತ್ತಿದ್ದವರೂ ಸುಮ್ಮನಾಗಿದ್ದಾರೆ, ರಜೆ ಬಂತೆಂದರೆ ಜಮಖಾನ ಹಿಡಿದು ಊರೂರು ಅಲೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ, ಅದೂ ಒಂದು ಹಳೇ ಬೇಸ್ ಗಿಟಾರಿಗಾಗಿ, ಹಾಡಿನ ಅಡಿಯಲ್ಲಿ ಬರೀ ಮಂದ್ರ ನುಡಿಯುವ, ಯಾರಿಗೂ ಕೇಳಿಸದ ಗಿಟಾರಿಗಾಗಿ. ಕೇಳಿಸದ ವಾದ್ಯ ಬಾರಿಸೋಕೆ ನಿನ್ನಂಥ ಬಾಯಿಲ್ಲದೋನೇ ಸರಿ ಕಣೋ ಅಂತ ಶ್ಯಾಮಣ್ಣ ಅದನ್ನು ಅವನ ಕೊರಳಿಗೆ ಹಾಕಿದ್ದು, ಶ್ಯಾಮಣ್ಣನದೇ ಆರ್ಕೆಸ್ಟ್ರಾ, ಗಣೇಶನ ಹಬ್ಬ ಬಂದರೆ ಬೀದಿಗೊಂದು ಕಾರ್ಯಕ್ರಮ, ಮುಂದೆ ರಂಗನಾಯಕಿ ಹಾಡುತ್ತಿದ್ದಳು, ಪಕ್ಕದಲ್ಲಿ ಅಕಾರ್ಡಿಯನ್ನು, ಹಿಂದೆ ಡ್ರಮ್ಮು, ಡ್ರಮ್ಮಿನ ಮರೆಯಲ್ಲಿ ಇವನು, ಗುಂ ಗುಂ ಗುಂ, ಮನೆಗೆ ಹೋದ ಮೇಲೆ ಜನ ಕೇಳುತ್ತಿದ್ದರು, ನೀನೂ ಇದ್ದೆಯಾ, ಕಾಣಲೇ ಇಲ್ಲ. ಇದ್ದೆ ಅಂದರೆ ನಗುತ್ತಿದ್ದರು, ಇವನೂ ನಗುತ್ತಿದ್ದ.

ಎಪ್ಪತ್ತನೆಯ ಇಸವಿಯ ಗಣೇಶ, ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಟಾರು ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ವೇದಿಕೆ, ಎರಡನೆಯ ಚರಣದ ನಡುವೆ ಕರೆಂಟು ಹೋಯಿತು, ಶಿವನಸಮುದ್ರದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ, ಮಂಡ್ಯದ ಗಣೇಶನಿಗೆ ಮಾತ್ರ ಇರುವುದಿಲ್ಲ, ಅಕಾರ್ಡಿಯನ್ನಿನವನು ಕೈಬಿಟ್ಟು ಸೊಳ್ಳೆ ಹೊಡೆಯತೊಡಗಿದ, ಡ್ರಮ್ಮಿನವನು ಬೀಡಿ ಹಚ್ಚಿದ, ಜನ ಸಿಳ್ಳೆ ಹಾಕಿದರು, ಅವಳು ಮಾತ್ರ ನಿಲ್ಲಿಸಲಿಲ್ಲ, ಮೈಕಿಲ್ಲ ಏನಿಲ್ಲ, ಆ ಗದ್ದಲದ ಮೇಲೆ ಒಂದು ಸಣ್ಣ ಗಂಟಲು ಹಾಡುತ್ತಲೇ ಇದೆ, ಕರೆಂಟಿಲ್ಲದ ಬೇಸ್ ಗಿಟಾರು ಅಂದರೆ ಬರೀ ಮರ, ಆಗ ಇವನಿಗೆ ಯಾರು ಬುದ್ಧಿ ಕೊಟ್ಟರೋ, ಮಂಡಿಯೂರಿ ಗಿಟಾರಿನ ತಲೆಯನ್ನು ಹಲಗೆಗೆ ಒತ್ತಿ ಹಿಡಿದು ದಪ್ಪ ತಂತಿ ಮೀಟಿದ — ಹಲಗೆ ಗುಂಯ್ ಅಂತು, ವೇದಿಕೆಯ ಹಲಗೆಯೆಲ್ಲ ನಡುಗಿತು, ಮಂಡಿಯಿಂದ ಎದೆಗೆ ಬಂತು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಯಾರೋ ಟಾರ್ಚು ಬಿಟ್ಟರು, ಬೆಳಕು ಅವಳ ಮುಖಕ್ಕೆ ಹೋಗದೆ ಕಾಲಿಗೆ ಬಿತ್ತು, ಬರಿಗಾಲು, ಅಂಚಿಗೆ ಅರಿಶಿನ, ಹೆಬ್ಬೆರಳು ಏಳುತ್ತಿದೆ, ಹಲಗೆಗೆ ಇಳಿಯುತ್ತಿದೆ, ಇವನು ಮೀಟಿದಾಗಲೇ ಇಳಿಯುತ್ತಿದೆ. ಕೇಳಿಸಿತು, ಒಬ್ಬಳಿಗಾದರೂ ಕೇಳಿಸಿತು. ಕರೆಂಟು ಬಂದ ಮೇಲೆ ಅವಳು ತಿರುಗಿ, ಸದ್ಯ, ಶ್ರುತಿ ಬಿಟ್ಟು ಹೋಗಲಿಲ್ಲ ಅಂದಳು, ಯಾರಿಗೆ ಅಂದಳೋ, ಇವನು ತನಗೇ ಅಂದುಕೊಂಡ, ಆ ಒಂದು ಮಾತನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಾನೆ, ಅದೇನು ಪ್ರೀತಿಯೋ ಮತ್ತೊಂದೋ ಕೇಳಬೇಡಿ, ಅವಳು ಮದುವೆಯಾಗಿ ಮಳವಳ್ಳಿಗೆ ಹೋದಾಗ ಮದುವೆಮನೆಯಲ್ಲಿ ಊಟ ಬಡಿಸಿದವರಲ್ಲಿ ಇವನೂ ಒಬ್ಬ. ಬಸ್ಸು ಮದ್ದೂರಿನಲ್ಲಿ ನಿಂತಿತು, ಎಳನೀರಿನ ರಾಶಿ, ಯಾರೋ ಕೋಳಿ ಹಿಡಿದು ಹತ್ತಿದರು, ಇವನಿಗೆ ಇಳಿಯುವ ಮನಸ್ಸಾಗಲಿಲ್ಲ.

ಅವಳಿಲ್ಲದ ಆರ್ಕೆಸ್ಟ್ರಾ ವರ್ಷ ಕಳೆಯುವುದರೊಳಗೆ ಮುಚ್ಚಿತು, ಶ್ಯಾಮಣ್ಣ ಗಿಟಾರೂ ಸೇರಿ ಸಾಮಾನೆಲ್ಲ ಯಾರ್ಯಾರಿಗೋ ಕೊಟ್ಟುಬಿಟ್ಟ, ಒಂದು ಮಾತು ಹೇಳಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆನಲ್ಲ ಅಂದರೆ, ಅಯ್ಯೋ ನಿನಗೆ ಅದರ ಮೇಲೆ ಅಷ್ಟು ಆಸೆ ಇದೆ ಅಂತ ಯಾರಿಗೆ ಗೊತ್ತು, ನೀನು ಯಾವತ್ತು ಬಾಯಿ ಬಿಟ್ಟಿದ್ದೆ ಅಂದ, ನಿಜವೇ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಂಗಡಿ ಅಂಗಡಿ ಹತ್ತಿಳಿದ, ಹೊಸದು ಬೇಕಾದಷ್ಟು ತೋರಿಸಿದರು, ಇವನು ಪ್ರತಿಯೊಂದರ ತಲೆಯನ್ನೂ ಅಂಗಡಿಯ ಬಾಗಿಲಿಗೆ ಒತ್ತಿ ಬಾರಿಸಿ ನೋಡುತ್ತಿದ್ದರೆ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಯಾವುದೂ ಅದಲ್ಲ, ಅದು ಹಲಸಿನ ತೊಳೆಯ ಬಣ್ಣ, ಬೆನ್ನಿನ ಮೇಲೆ ಇವನ ಬೆಲ್ಟಿನ ಬಕಲ್ಲು ಗೀಚಿ ಗೀಚಿ ಆದ ಗಾಯ, ಕತ್ತಲಲ್ಲಿ ಬೆರಳಾಡಿಸಿದರೂ ಗುರುತು ಹಿಡಿಯಬಹುದು. ಕೊನೆಗೆ ಸಿಕ್ಕಿದ್ದು ಎಲ್ಲಿ, ಕಚೇರಿಯ ಜವಾನ ನಾಗಯ್ಯನ ಮನೆಯ ಗೋಡೆಯ ಮೇಲೆ, ಅವನ ಬಾಮೈದನ ಮದುವೆಯ ಫೋಟೋ, ಹೆಣ್ಣು ಕುರ್ಚಿಯಲ್ಲಿ, ಗಂಡು ಪಕ್ಕದಲ್ಲಿ ನಿಂತು ಇವನ ಗಿಟಾರನ್ನು ಗುದ್ದಲಿಯ ಹಾಗೆ ಹಿಡಿದಿದ್ದಾನೆ, ಪೇಟೆಬೀದಿಯ ಸ್ಟುಡಿಯೋದವರು ಮದುಮಕ್ಕಳ ಕೈಗೆ ಕೊಡಲು ಇಟ್ಟುಕೊಂಡಿದ್ದರಂತೆ, ಇಷ್ಟು ವರ್ಷ ದಿನಾ ಅದೇ ಬೀದಿಯಲ್ಲಿ ಸೊಪ್ಪು ತರಲು ಹೋಗಿದ್ದಾನೆ, ಒಂದು ಸಲ ಒಳಗೆ ಇಣುಕಿದ್ದರೆ, ಒಬ್ಬನೇ ನಿಂತು ಫೋಟೋ ತೆಗೆಸಿಕೊಳ್ಳುವುದು ಏನು ಅಂತ ಇಣುಕಲಿಲ್ಲ. ಸ್ಟುಡಿಯೋಗೆ ಹೋಗುವಷ್ಟರಲ್ಲಿ ಅದು ಹಲಗೂರಿನ ಬ್ಯಾಂಡ್‌ಸೆಟ್ಟಿನ ಕೆಂಪಸಿದ್ದಯ್ಯನ ಪಾಲಾಗಿತ್ತು, ಕೆಂಪಸಿದ್ದಯ್ಯ ನಕ್ಕ, ಅದು ಮೂಗ ಕಣ್ ಸಾಮಿ, ವಾಲಗದ ಮುಂದೆ ಸದ್ದೇ ಬರಾಕಿಲ್ಲ, ಬೆಳಕವಾಡಿ ಚಿಕ್ಕಣ್ಣ ಚೆಂದಾಗದೆ ಅಂತ ಕೇಳ್ದ, ಕೊಟ್ಬುಟ್ಟೆ. ಹಾಗೆ ಹೋದ ವಾರ ಬೆಳಕವಾಡಿಗೆ ಬಂದರೆ ಚಿಕ್ಕಣ್ಣ ಗದ್ದೆಗೆ ಹೋಗಿದ್ದ, ಗಿಟಾರು ಇದ್ದ ಕೋಣೆಗೆ ಬೀಗ, ಅವನ ತಾಯಿ ಚಿಕ್ಕಬೋರಮ್ಮ ಒಬ್ಬಳೇ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು, ಎಷ್ಟು ತಂತಿ ಇದೆಯಮ್ಮ ಅಂತ ಕೇಳಿದ, ನಾಕೇ ಕಣಪ್ಪ ಅಂದಳು, ನಾಕೇ ಅಂದ ತಕ್ಷಣ ಇವನ ಕಣ್ಣಲ್ಲಿ ನೀರು ಬಂತು, ತಡೆಯಲಾಗಲಿಲ್ಲ, ಆ ಮುದುಕಿ ಮೊರ ಕೆಳಗಿಟ್ಟು ಇವನನ್ನೇ ನೋಡಿದಳು. ಮುಂದಿನ ವಾರ ಬತ್ತೀನಮ್ಮ ಅಂದು ಮುಖ ಒರೆಸಿಕೊಂಡು ಬಸ್ಸು ಹತ್ತಿದ್ದ.

ಈಗ ಅದೇ ಜಗಲಿ, ಚಾಪೆ ಹಾಸಿದ್ದಾರೆ, ಚಾಪೆಯ ಮೇಲೆ ಗಿಟಾರು, ಗಿಟಾರಿಗೆ ಕುಂಕುಮ, ಸೇವಂತಿಗೆ ಹೂವು, ಆಯುಧಪೂಜೆಗೆ ಇಟ್ಟ ಹಾಗೆ ಇಟ್ಟಿದ್ದಾರೆ, ಹಲಸಿನ ತೊಳೆಯ ಬಣ್ಣ, ಅದೇ, ಅದೇ, ಕಣ್ಣು ತಂತಿ ಎಣಿಸುತ್ತದೆ, ಒಂದು ಎರಡು ಮೂರು ನಾಲ್ಕು — ಮತ್ತೆ ಐದು, ಆರು. ತಪ್ಪು ಎಣಿಸಿದೆ ಅಂದುಕೊಂಡು ಮತ್ತೆ ಎಣಿಸಿದ. ತಲೆಯ ತುದಿಯಲ್ಲಿ ತಂಬೂರಿಗೆ ಹಾಕುವಂಥ ಎರಡು ಮರದ ಬಿರಡೆ, ಹಸಿ ಬಿಳಿ ಮರ, ಅದರಿಂದ ಇಳಿದು ಬಂದದ್ದು ಸೈಕಲ್ ಬ್ರೇಕಿನ ತಂತಿ, ಚಿಕ್ಕಣ್ಣ ಮೀಸೆಯಲ್ಲೇ ನಗುತ್ತಾ ಎದುರು ಕೂತಿದ್ದಾನೆ, ಓದ ವಾರ ನಾಕೇ ತಂತಿ ಅಂದಿದ್ಕೆ ನೀವು ಕಣ್ಣಾಗೆ ನೀರ್ ಆಕೊಂಡ್ರಂತೆ, ನಮ್ಮವ್ವ ಏಳ್ತು, ನಂಗೂ ಒಟ್ಟೆ ಚುರ್ ಅಂತು ಸಾಮಿ, ಕೆಂಪಸಿದ್ದಯ್ಯನ್ನ ಕೇಳುದ್ರೆ ಗಿಟಾರ್ಗೆ ಆರು ಇರ್ಬೇಕು ಅಂದ, ಊನ ಆಗಿರೋ ವಸ್ತುವ ಮನೆಯಿಂದಾಚೆ ಕೊಡಬಾರ್ದು, ಅದ್ಕೆ ಅಲಗೂರ್ ಬಡಗಿ ಜವರಯ್ಯನ್ ತಾವ ಎರಡು ತೂತ ಕೊರಸಿ ತಂತಿ ಆಕ್ಸಿವ್ನಿ, ಬೆನ್ನೆಲ್ಲ ಗೀಚೋಗಿತ್ತು, ಉಜ್ಜುಸಿ ಪಾಲೀಸೂ ಒಡಿಸಿವ್ನಿ. ತಿರುಗಿಸಿ ನೋಡಿದ, ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಅದರಲ್ಲಿ ಇವನ ಮುಖವೇ ಕಾಣುತ್ತಿದೆ, ಗಾಯ ಇಲ್ಲ, ಬೆರಳಾಡಿಸಿದ, ಎಲ್ಲೂ ಇಲ್ಲ. ಹೇಳಬೇಕು, ಇದಕ್ಕೆ ಇರುವುದೇ ನಾಲ್ಕು ತಂತಿ, ಆವತ್ತು ಅತ್ತದ್ದು ಸಂತೋಷಕ್ಕೆ, ಹೇಗೆ ಹೇಳುವುದು, ಚಿಕ್ಕಬೋರಮ್ಮ ಮಜ್ಜಿಗೆಯ ಲೋಟ ಹಿಡಿದು ಇವನ ಕಣ್ಣನ್ನೇ ನೋಡುತ್ತಿದ್ದಾಳೆ, ಇವತ್ತು ನೀರು ಬರುತ್ತದೋ ಇಲ್ಲವೋ ಅಂತ, ಬಂತು, ನೋಡ್ಲಾ, ಈವತ್ತು ಕುಸಿಗೆ ಅಳ್ತಾ ಅವ್ನೆ ಅಂದಳು ಮಗನಿಗೆ. ಚೆನ್ನಾಗಿದೆಯಮ್ಮ ಅಂದ, ಬಹಳ ಚೆನ್ನಾಗಿ ಮಾಡಿಸಿದೀರಿ ಅಂದ, ಮಜ್ಜಿಗೆ ಕುಡಿದ.

ಮಳವಳ್ಳಿಯ ಬಸ್ಸಿನಲ್ಲಿ ಹಿಂದಿನ ಸೀಟು, ಜಮಖಾನದೊಳಗೆ ಕೈ ತೂರಿಸಿ ಬ್ರೇಕಿನ ತಂತಿ ಎರಡನ್ನೂ ಬಿಚ್ಚಿದ, ಬಿರಡೆ ಬರಲಿಲ್ಲ, ಜವರಯ್ಯ ಗಟ್ಟಿಯಾಗಿಯೇ ಕೂರಿಸಿದ್ದಾನೆ, ಹೋಗಲಿ, ಗಿಟಾರಿನ ತಲೆ ಗಟ್ಟಿ ಇದ್ದರೆ ಸಾಕು, ಹಲಗೆಗೆ ಒತ್ತಿದರೆ ಸಾಕು, ಮಳವಳ್ಳಿಯಲ್ಲಿ ಇಳಿದು ರಂಗನಾಯಕಿಯ ಮನೆಗೇ ಹೋಗಬೇಕು, ಅಲ್ಲಿ ಯಾವುದಾದರೂ ಹಲಗೆ ಇದ್ದೇ ಇರುತ್ತದೆ, ಏನೂ ಹೇಳಬಾರದು, ಸುಮ್ಮನೆ ಒತ್ತಿ ಹಿಡಿದು ಮೀಟಬೇಕು, ಅವಳ ಕಾಲಿಗೆ ತಿಳಿಯುತ್ತದೆ, ಓ ನೀವು ಅನ್ನುತ್ತಾಳೆ, ಅಷ್ಟು ಸಾಕು, ಆಮೇಲೆ ಮುಂದಿನ ಬಸ್ಸಿಗೆ ಮಂಡ್ಯ. ಮನೆ ಸಿಕ್ಕಿತು, ಅವಳ ಗಂಡ ವರದರಾಜ ಮೇಷ್ಟ್ರು ಬಾಗಿಲು ತೆಗೆದರು, ಒಳ್ಳೆಯ ಮನುಷ್ಯ, ಬನ್ನಿ ಬನ್ನಿ ಅಂದು ಪತ್ರಿಕೆ ಹಿಡಿದು ಒಳಗೆ ಹೋದರು, ರಂಗನಾಯಕಿ ಸ್ವಲ್ಪ ದಪ್ಪಗಾಗಿದ್ದಾಳೆ, ಕಿವಿಯ ಹತ್ತಿರ ನರೆ, ಅಯ್ಯೋ ಕಸ್ತೂರಿರಂಗ ಅವರೇ ಅಂದಳು, ಹೆಸರು ನೆನಪಿದೆ, ಕಾಫಿ ಕೊಟ್ಟಳು, ಹಾಡು ಎಲ್ಲಿ ಬಂತು, ಮಕ್ಕಳಿಗೆ ಜ್ವರ ಬಂದರೆ ಹಾಡ್ತೀನಿ ಅಷ್ಟೆ ಅಂದಳು, ತೂಗುಮಣೆಯ ಮೇಲೆ ಕೂತಳು, ಹಲಗೆ, ಅಗಲವಾದ ತೇಗದ ಹಲಗೆ, ಆದರೆ ಕಾಲು ಮಡಿಸಿ ಸೀರೆಯೊಳಗೆ ಇಟ್ಟುಕೊಂಡಿದ್ದಾಳೆ. ಇವನು ಜಮಖಾನ ಬಿಚ್ಚಿದ, ಮಂಡಿಯೂರಿದ, ತೂಗುಮಣೆಯ ಅಂಚಿಗೆ ಗಿಟಾರಿನ ತಲೆ ಒತ್ತಿ ದಪ್ಪ ತಂತಿ ಮೀಟಿದ, ಗುಂಯ್ — ಅದೇ, ಪಾಲೀಸಿನ ಕೆಳಗೆ, ಬಿರಡೆಯ ಕೆಳಗೆ ಅದೇ ದನಿ ಹಾಗೇ ಇತ್ತು, ಸರಪಳಿ ಸಣ್ಣಗೆ ಝಲ್ಲೆಂದಿತು, ಅವಳು ತಲೆ ಓರೆ ಮಾಡಿ ಕೇಳಿದಳು, ಮನೆಗೆ ಬಂದವರ ಮಗು ಪದ್ಯ ಹೇಳಿದರೆ ಕೇಳುವ ಹಾಗೆ, ಚೆನ್ನಾಗಿದೆ, ಸಣ್ಣಗೆ ಕೇಳ್ಸುತ್ತೆ ಅಲ್ವಾ ಅಂದಳು.

ಆವತ್ತು ಕರೆಂಟು ಹೋದಾಗ ಹೀಗೇ ಬಾರಿಸಿದ್ದು, ನೀವು ಹಾಡ್ತಾ ಇದ್ರಿ, ನಿಮ್ಮ ಕಾಲ ಕೆಳಗಿನ ಹಲಗೆಗೆ ಒತ್ತಿ — ಇಷ್ಟು ಉದ್ದದ ಮಾತನ್ನು ಇವನು ಯಾವತ್ತೂ ಆಡಿರಲಿಲ್ಲ. ತೂಗುಮಣೆ ನಿಂತಿತು. ನೀವೂ ಬಾರಿಸ್ತಿದ್ರಾ, ಅಂದಳು ರಂಗನಾಯಕಿ, ದನಿ ಬೇರೆಯಾಗಿತ್ತು, ಎಲ್ಲರೂ ನಿಲ್ಲಿಸಿಬಿಟ್ಟರು ಅಂದ್ಕೊಂಡಿದ್ದೆ, ಅಷ್ಟು ಜನದ ಮಧ್ಯೆ ನಾನೊಬ್ಬಳೇ ಅನ್ನಿಸಿ ಅಳು ಬಂದುಬಿಟ್ಟಿತ್ತು, ಅದಕ್ಕೇ ಕಾಲಲ್ಲಿ ತಾಳ ಹಾಕ್ಕೊಂಡೆ, ಬೆರಳು ನಿಂತರೆ ಹಾಡೂ ನಿಂತುಹೋಗುತ್ತೆ ಅಂತ ಭಯ, ಅಯ್ಯೋ, ನೀವು ಅಲ್ಲೇ ಇದ್ರಾ. ಇದ್ದೆ ಅಂದ. ಒಳಗೆ ಮೇಷ್ಟ್ರು ಪತ್ರಿಕೆ ಮಗುಚಿದ ಸದ್ದು, ಇನ್ನೊಂದು ಲೋಟ ಕಾಫಿ ತರ್ತೀನಿ ಅಂದು ಅವಳು ಎದ್ದು ಹೋದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳೋ ಬೆವರೋ, ಇವನು ಮಂಡಿಯೂರಿದಲ್ಲೇ ಇದ್ದಾನೆ, ಖಾಲಿ ತೂಗುಮಣೆಗೆ ಗಿಟಾರಿನ ತಲೆ ಒತ್ತಿಕೊಂಡೇ ಇದೆ, ಕೇಳಿಸಿರಲಿಲ್ಲ, ಅವಳಿಗೆ ಕೇಳಿಸಿರಲೇ ಇಲ್ಲ, ಹಾಗಾದರೆ ಆ ಬೆರಳು, ನಾನು ಮೀಟಿದಾಗಲೇ ಇಳಿಯುತ್ತಿತ್ತಲ್ಲ, ಇಲ್ಲ, ಅದು ಇಳಿದಾಗ ನಾನು ಮೀಟುತ್ತಿದ್ದೆ, ಅದನ್ನು ನೋಡಿಕೊಂಡೇ ಮೀಟುತ್ತಿದ್ದೆ, ಆ ಕತ್ತಲಲ್ಲಿ ನನಗೆ ತಾಳ ಕೊಟ್ಟದ್ದು ಅದೇ, ಅವಳಿಗೆ ಯಾರೂ ಇರಲಿಲ್ಲ, ಎರಡು ಮಾರು ಹಿಂದೆ ನಾನಿದ್ದೆ, ಒಂದೇ ಹಲಗೆಯ ಮೇಲೆ — ಟಾರ್ಚಿನ ಬೆಳಕು, ಬರಿಗಾಲು, ಅಂಚಿಗೆ ಅರಿಶಿನ, ಹೆಬ್ಬೆರಳು ಏಳುತ್ತದೆ, ಹಲಗೆಗೆ ಇಳಿಯುತ್ತದೆ, ಏಳುತ್ತದೆ, ಒಂಟಿಯಾಗಿ, ಇಳಿಯುತ್ತದೆ, ಏಳುತ್ತದೆ